ಅಜ್ಜಿಯ ತಟ್ಟೆಯ ಮೊದಲ ತುತ್ತು

ಆಗೆಲ್ಲ ನಮ್ಮ ಕೊತ್ತತ್ತಿಯಲ್ಲಿ ಮಾಗಿ ಚಳಿ ಬಂತೆಂದರೆ ಮನೆಯ ಗೋಡೆಗೂ ಅವರೆಕಾಯಿಯ ಸೊಗಡು ಮೆತ್ತಿಕೊಳ್ಳುತ್ತಿತ್ತು. ಊರಾಚೆಯ ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಅದು ಬಂದ ದಿಕ್ಕಿಗೆ ನಾವು ಮಕ್ಕಳು ಓಡುತ್ತಿದ್ದೆವು. ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಹೊತ್ತು ಅಜ್ಜಿ, ಅವ್ವ, ನಾನು ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಪಾತ್ರೆಗೆ ಬೀಳಿಸುವುದು ಬಿಟ್ಟು ಒಬ್ಬರ ಮುಖಕ್ಕೊಬ್ಬರು ಹಾರಿಸುವುದೇ ನಮ್ಮ ಆಟ. ಅದರಲ್ಲಿ ಅಜ್ಜಿಯೇ ಮುಂದು. ಅವ್ವನ ಹಣೆಗೆ ಗುರಿಯಿಟ್ಟು ಹೊಡೆದು, ಏನೂ ಗೊತ್ತಿಲ್ಲದವಳ ಹಾಗೆ ಆಕಾಶ ನೋಡುತ್ತಿದ್ದಳು.

"ಅತ್ತೆಮ್ಮಾ, ನೀವೇ ಇಂಗೆ ಆಡುದ್ರೆ ಸಾರು ಯಾವಾಗ ಮಾಡ್ಲಿ?" ಎಂದು ಅವ್ವ ನಗುತ್ತಿದ್ದಳು.

ಅವ್ವನ ಹೆಸರು ರತ್ನ. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡು, ಮದುವೆಯಾಗಿ ಈ ಮನೆಗೆ ಬಂದವಳು. ಅಜ್ಜಿ ಚಿಕ್ಕತಾಯಮ್ಮ ಊರವರ ಮುಂದೆಲ್ಲ ಹೇಳುತ್ತಿದ್ದಳು: "ನಂಗೆ ಇಬ್ರು ಎಣ್ಮಕ್ಕಳು ಕಣವ್ವ. ಒಬ್ಳು ಮದ್ದೂರಲ್ಲವಳೆ, ಒಬ್ಳು ನನ್ನ ಒಲೆ ಮುಂದವಳೆ." ಮದ್ದೂರಿನಲ್ಲಿದ್ದವಳು ಅಪ್ಪನ ಅಕ್ಕ, ಜಯತ್ತೆ.

ನಾನು ಐದನೇ ಕ್ಲಾಸಿನಲ್ಲಿದ್ದೆ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಕಾಲು ಜಾರಿ ಅಜ್ಜಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಚೆನ್ನಾಗೇ ಆಯಿತು. ಮಾರನೆಯ ಬೆಳಿಗ್ಗೆ ಅಜ್ಜಿ ಕಾಫಿ ಕುಡಿದು, "ಕರ ಹಾಲು ಕುಡೀತಾ?" ಎಂದು ನನ್ನನ್ನು ಕೇಳಿದಳು. ನಾವೆಲ್ಲ ಗೆದ್ದೆವು ಅಂದುಕೊಂಡೆವು.

ಆ ಸಂಜೆಗೆ ಅಜ್ಜಿ ಅಜ್ಜಿಯಾಗಿರಲಿಲ್ಲ.

ಮೊದಲು ಹೊದಿಕೆಯನ್ನು ಚಿವುಟತೊಡಗಿದಳು, ಸಸಿಮಡಿಯಲ್ಲಿ ಬತ್ತದ ಪೈರು ಕೀಳುವವರ ಹಾಗೆ. ಆಮೇಲೆ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿ ಗಾಬರಿಯಾದಳು. "ಕಿರುಗಾವ್ಲು ಬಂತಾ? ಕಂಡಕ್ಟ್ರೇ, ನಿಲ್ಸಿ! ನಮ್ಮವ್ವ ಕಾಯ್ತಾವ್ಳೆ, ನನ್ನ ಇಳ್ಸಿ!" ಕಿರುಗಾವಲು ಅವಳ ತವರು. ಅವಳ ತಾಯಿ ನಾನು ಹುಟ್ಟುವ ಮುಂಚೆಯೇ ತೀರಿಹೋಗಿದ್ದಳು. ಪಕ್ಕದ ಮಂಚದವರು ನಕ್ಕರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮೂಗಿನ ಮೇಲೆ ಇರುತ್ತಿದ್ದ ಕನ್ನಡಕ ಅವಳು ಕೊಟ್ಟಿಗೆಯಲ್ಲಿ ಬಿದ್ದಾಗಲೇ ಒಡೆದಿತ್ತು. ಬರಿಗಣ್ಣಿನಲ್ಲಿ ಅವಳು ನನ್ನನ್ನು ನೋಡಿದ ನೋಟದಲ್ಲಿ ನಾನಿರಲಿಲ್ಲ.

ಅವ್ವ ಮನೆಯಿಂದ ತಂದಿದ್ದ ಅನ್ನ ಸಾರು ಕಲಸಿ ಬಾಯಿಗಿಡಲು ಹೋದಳು. ಅಜ್ಜಿ ತುಟಿ ಬಿಗಿದಳು.

"ಯಾರೇ ನೀನು?"

"ರತ್ನ ಕಣತ್ತೆಮ್ಮಾ."

"ನೀನ್ಯಾವ ರತ್ನ? ನನ್ನ ರತ್ನನ ಎಲ್ಲಿಗೆ ಓಡ್ಸಿದ್ದೀಯೆ? ಯಾರಾರ ಬರ್ರಪ್ಪೋ, ಇವ್ಳು ನಂಗೆ ವಿಸ ಆಕ್ತಾವ್ಳೆ! ರತ್ನಾ, ಬಾರೇ ರತ್ನಾ!"

ಅವ್ವನನ್ನೇ ದೂಡುತ್ತಾ ಅವಳು ಅವ್ವನನ್ನೇ ಕೂಗುತ್ತಿದ್ದಳು. ಅವ್ವ ಕಲಸಿದ ತುತ್ತು ಕೈಯಲ್ಲೇ ಹಿಡಿದು ನಿಂತಿದ್ದಳು. "ಇಲ್ಲೇ ಇವ್ನಿ ಅತ್ತೆಮ್ಮಾ, ಇಲ್ಲೇ ಇವ್ನಿ" ಎಂದು ಹೇಳುತ್ತಲೇ ಇದ್ದಳು.

ಮಾರನೆಯ ದಿನ ಜಯತ್ತೆ ಮದ್ದೂರಿನಿಂದ ಬಂದಳು. ಅಜ್ಜಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನನ್ನ ಉಪಾಸ ಕೆಡವ್ಯವ್ಳೆ, ವಿಸ ಆಕ್ತಾವ್ಳೆ, ಕರ್ಕೊಂಡೋಗು" ಎಂದು ಅತ್ತಳು. ಅತ್ತೆಯ ಮುಖ ಕಪ್ಪಿಟ್ಟಿತು.

ಡಾಕ್ಟರು ಬಂದು ವಿವರವಾಗಿಯೇ ಹೇಳಿದರು. "ಇದು ಹುಚ್ಚಲ್ಲ, ಗಾಳಿಯೂ ಅಲ್ಲ. ದೊಡ್ಡ ಆಪರೇಷನ್ ಆದಮೇಲೆ ವಯಸ್ಸಾದ ಕೆಲವರಿಗೆ ಹೀಗೆ ಬುದ್ಧಿಗೆ ಮಂಕು ಕವಿಯುತ್ತೆ. ಏನು ಮಾತಾಡ್ತಿದ್ದೀವಿ ಅಂತ ಅವರಿಗೇ ಗೊತ್ತಿರಲ್ಲ. ಕನ್ನಡಕ ಮಾಡಿಸಿ ಹಾಕಿ. ಮನೆಯವರು ಹತ್ತಿರ ಇದ್ದು, ಇದು ಆಸ್ಪತ್ರೆ ಅಂತ ಮೆಲ್ಲಗೆ ಹೇಳ್ತಾ ಇರಿ."

"ಮೊದಲ್ನಂಗೆ ಆಯ್ತಾರಾ ಸಾರ್?" ಎಂದು ಅಪ್ಪ ಕೇಳಿದ.

"ಬಹಳ ಜನ ಸುಧಾರಿಸ್ತಾರೆ. ಪೂರ್ತಿ ಮೊದಲಿನ ಹಾಗೇ ಅಂತ ಈಗಲೇ ಹೇಳೋಕಾಗಲ್ಲ."

ಅವರು ಅತ್ತ ಹೋದ ಮೇಲೆ ಅತ್ತೆ ಅಪ್ಪನ ಕಡೆ ತಿರುಗಿದಳು. "ಪ್ರಜ್ಞೆ ತಪ್ಪಿದಾಗ್ಲೇ ಕಣ್ಲಾ ನಿಜ ಈಚಿಗೆ ಬರಾದು. ಅವ್ವ ಸುಮ್ಸುಮ್ನೆ ವಿಸ ಅಂದಾಳಾ? ನೀನು ದುಡಿಯಾಕೆ ಓದಾಗ ಮನೇಲಿ ಏನೇನು ನಡೀತದೋ ನಿಂಗೇನು ಗೊತ್ತು?"

ಅವ್ವ ಅಪ್ಪನ ಮುಖ ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಅವನು ಆಡಿದ್ದರೆ ಸಾಕಿತ್ತು. ಅಪ್ಪ ಕಿಟಕಿಯಾಚೆ ನೋಡಿದ.

"ನೀನು ಅವ್ವನ ಕಣ್ಣೆದ್ರಿಗೆ ಇರ್ಬೇಡ, ಊರಿಗೋಗು" ಅಂದಳು ಅತ್ತೆ ನನ್ನ ಅವ್ವನಿಗೆ.

ಅವ್ವ ಊರಿಗೆ ಹೋಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಫಿನಾಯಿಲಿನ ವಾಸನೆ, ಬಂದು ಹೋಗುವವರ ಚಪ್ಪಲಿ ಸದ್ದು. ಅವ್ವ ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಪವಿ, ನಾನು ಯಾವತ್ತಾರ ಅಜ್ಜಿಗೆ ಊಟ ಕೊಡ್ದೆ ಮಲಗಿದ್ದೀನೇನೆ?"

"ಇಲ್ಲ ಕಣವ್ವ."

"ನೀನು ನೋಡಿದ್ದೀಯಲ್ವಾ? ಯಾರಾರ ಕೇಳುದ್ರೆ ಏಳ್ತೀಯಲ್ವಾ?"

ನನ್ನ ಅವ್ವ ನನ್ನನ್ನು ಬೇಡಿಕೊಳ್ಳುತ್ತಿದ್ದಳು. ಅಷ್ಟು ದೊಡ್ಡವಳು, ಅಷ್ಟು ಚಿಕ್ಕ ನನ್ನನ್ನು. ಹೇಳ್ತೀನಿ ಅಂದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಮಾರನೆಯ ಮಧ್ಯಾಹ್ನ ಅತ್ತೆಯೇ ಅಜ್ಜಿಗೆ ಉಣಿಸಲು ಕೂತಳು. ಎರಡು ತುತ್ತು ಒಳಗೆ ಹೋಗಿತ್ತು. ಮೂರನೆಯದಕ್ಕೆ ಅಜ್ಜಿ ಅತ್ತೆಯ ಬೆರಳು ಕಚ್ಚಿ, ತಟ್ಟೆಗೆ ಹೊಡೆದಳು. "ಇವ್ಳೂ ಅವ್ರ ಕಡೇವ್ಳೇ! ವಿಸ! ವಿಸ!" ಸಾರೆಲ್ಲ ಅತ್ತೆಯ ಸೀರೆಯ ಮೇಲೆ.

"ಅವ್ವಾ, ನಾನು ಜಯಾ ಕಣವ್ವಾ" ಎಂದು ಅತ್ತೆ ಚಿಕ್ಕ ಹುಡುಗಿಯ ಹಾಗೆ ಗೋಳೋ ಎಂದಳು. ಆ ಸದ್ದಿಗೆ ಅವ್ವ ಮೆಟ್ಟಿಲಿನಿಂದ ಓಡಿ ಬಂದಳು. ನೆಲದ ಮೇಲಿನ ಅನ್ನ ಬಳಿದಳು, ಅತ್ತೆಯ ಬೆರಳಿಗೆ ನೀರು ಹಾಕಿದಳು. ಅತ್ತೆ ತಪ್ಪಾಯಿತು ಅನ್ನಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಬಿಟ್ಟಳು. ಆಮೇಲೆ ಹೊರಗೆ ಹೋಗಿ ಇಬ್ಬರಿಗೂ ಟೀ ತಂದಳು.

ಹೊಸ ಕನ್ನಡಕ ಬಂತು. ಅವ್ವ ತಲೆದೆಸೆಯಲ್ಲಿ ಕೂತು ಒಂದೇ ಸಮನೆ ಹೇಳುತ್ತಿದ್ದಳು: "ಇದು ಮಂಡ್ಯ ಅತ್ತೆಮ್ಮಾ. ಆಸ್ಪತ್ರೆ. ಸೊಂಟಕ್ಕೆ ಪೆಟ್ಟಾಗದೆ." ಬೈಸಿಕೊಂಡಳು, ಉಗಿಸಿಕೊಂಡಳು, ಮತ್ತೆ ಹೇಳಿದಳು. ಮಂಕು ಒಂದು ಗಳಿಗೆ ಸರಿಯುವುದು, ಮತ್ತೆ ಮುಚ್ಚುವುದು. ಕೊನೆಗೊಂದು ಬೆಳಿಗ್ಗೆ ಅಜ್ಜಿ ಅವ್ವನ ಕೆನ್ನೆ ಮುಟ್ಟಿ ನೋಡಿದಳು.

"ಯಾಕ್ ರತ್ನಾ, ಇಂಗೆ ಸೊರಗೋಗಿದ್ದೀಯೆ? ಉಂಡಿಲ್ವಾ?"

ಅವ್ವ ಮಂಚಕ್ಕೆ ಹಣೆ ಹಚ್ಚಿ ಅತ್ತಳು. ಯಾಕೆ ಅಳುತ್ತಾಳೆಂದು ಅಜ್ಜಿಗೆ ತಿಳಿಯಲಿಲ್ಲ. ಅವಳಿಗೆ ಏನೊಂದೂ ನೆನಪಿರಲಿಲ್ಲ. "ಯಾರೂ ಏಳಕೂಡ್ದು" ಎಂದು ಅವ್ವ ಕಟ್ಟಪ್ಪಣೆ ಮಾಡಿದಳು. ಯಾರೂ ಹೇಳಲಿಲ್ಲ.

ಮನೆಗೆ ಬಂದ ಅಜ್ಜಿ ವಾಕರ್ ಹಿಡಿದು ಓಡಾಡಿದಳು. ಕತೆ ಹೇಳುತ್ತಾ ನಡುವೆ ನಿಂತುಬಿಡುತ್ತಿದ್ದಳು, ರಾಜಕುಮಾರಿ ಕಾಡಿನಲ್ಲೇ ಉಳಿಯುತ್ತಿದ್ದಳು. ಒಂದೊಂದು ಸಂಜೆ ಮನೆಯಲ್ಲಿ ಕೂತೇ ಮನೆಗೆ ಹೋಗೋಣ ಅನ್ನುತ್ತಿದ್ದಳು. ಅದನ್ನು ಸಹಿಸಿಕೊಂಡೆವು. ಸಹಿಸಲಾಗದೆ ಹೋದದ್ದು ಬೇರೆ. ಅಂದಿನಿಂದ ಅವ್ವ ಅಜ್ಜಿಗೆ ಊಟ ಇಡುವಾಗ ಒಬ್ಬಳೇ ಇಡಲಿಲ್ಲ. "ಪವಿ, ಬಾ ಇಲ್ಲಿ ಕೂತ್ಕೊ" ಎಂದು ಕರೆಯುತ್ತಿದ್ದಳು. ನಾನು ನೋಡುತ್ತಿರುವಾಗ ಅಜ್ಜಿಯ ತಟ್ಟೆಯಿಂದ ಒಂದು ತುತ್ತು ಮುದ್ದೆ ಮುರಿದು, ಸಾರಿಗದ್ದಿ, ಮೊದಲು ತಾನು ನುಂಗುತ್ತಿದ್ದಳು. ಆಮೇಲೆ ತಟ್ಟೆ ಮುಂದಕ್ಕೆ ಸರಿಸುತ್ತಿದ್ದಳು.

ಒಂದು ದಿನ ಅಜ್ಜಿ ನನ್ನನ್ನು ಕೇಳಿದಳು. "ನಿಮ್ಮವ್ವ ಯಾಕೆ ಮಗಾ, ನನ್ನ ತಟ್ಟೇಲಿ ಒಂದು ತುತ್ತು ತಿಂದೇ ಕೊಡ್ತಾಳೆ?"

"ಉಪ್ಪು ನೋಡಾಕೆ ಕಣಜ್ಜಿ."

"ಉಪ್ಪಾ?" ಅಜ್ಜಿ ತಟ್ಟೆಯನ್ನು ನೋಡಿದಳು. "ಈ ಮನೆಗೆ ಬಂದಾಗಿಂದ ಅವ್ಳು ಉಪ್ಪು ನೋಡಿದ್ದೇ ಕಾಣೆ. ನನ್ನ ಬುದ್ಧಿ ಓದಂಗೆ ನಿಮ್ಮವ್ವಂಗೆ ಕೈಯಳತೆ ಓಯ್ತಾ? ಪಾಪ, ಅವ್ಳನ್ನ ಏನೂ ಅನ್ಬ್ಯಾಡಿ."

ಅಜ್ಜಿ ಹೋಗಿ ವರ್ಷಗಳಾದವು. ಅವಳಿಗಾಗಿ ಅಳುವುದನ್ನು ಅತ್ತು ಮುಗಿಸಿದ್ದೇವೆ. ಜಯತ್ತೆ ಹಬ್ಬಕ್ಕೆ ಬರುತ್ತಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ಅವ್ವನ ಅಡುಗೆ ಹೊಗಳುತ್ತಾಳೆ. ಅಪ್ಪನೂ ಉಣ್ಣುತ್ತಾನೆ. ಆದರೆ ಯಾರೂ ನೋಡದಿದ್ದರೂ ಅನುಮಾನವಿಲ್ಲದೆ ಇನ್ನೊಬ್ಬರಿಗೆ ಬಡಿಸುತ್ತಿದ್ದ ಅವ್ವನ ಆ ಕೈ ಮರಳಿ ಬರಲೇ ಇಲ್ಲ. ಹೋದ ತಿಂಗಳು ಊರಿಗೆ ಹೋಗಿದ್ದೆ. ಮನೆಯಲ್ಲಿ ನಾವಿಬ್ಬರೇ. ಅವ್ವ ತಟ್ಟೆ ಇಟ್ಟಳು, ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು.

"ನಂಗೂ ಯಾಕವ್ವಾ?" ಅಂದೆ.

ಅವ್ವ ನುಂಗಿ, ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಇರ್ಲಿ ಬುಡು, ಉಣ್ಣು."