ಸೋತವರು ಗುಂಡಿ ಹೊಲಿಯಬೇಕು

ನಮ್ಮ ಬೀದಿಯ ಟೈಲರ್ ಮೇಷ್ಟರ ಮನೆಯಲ್ಲಿ ಎರಡು ವೋಟಿದ್ದವು. ಲೆಕ್ಕಕ್ಕೆ ಒಂದೂ ಇರಲಿಲ್ಲ. ಮೇಷ್ಟರು ಅಪ್ಪನ ಕಾಲದ ಪಕ್ಷವನ್ನು ಅಪ್ಪನ ಕತ್ತರಿಯ ಹಾಗೇ ಉಳಿಸಿಕೊಂಡಿದ್ದರು, ಮೊಂಡಾದರೂ ಬಿಡುವವರಲ್ಲ. ಹೆಂಡತಿ ಮಾತ್ರ ವೋಟು ಕೇಳಲು ಬಂದವರನ್ನೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಸೂಜಿ ಕಚ್ಚಿಕೊಂಡೇ ನಲ್ಲಿನೀರು, ಬೀದಿದೀಪ, ರಸ್ತೆಗುಂಡಿ ಎಲ್ಲ ವಿಚಾರಿಸಿ ತೀರ್ಮಾನಿಸುವರು. ಆ ತೀರ್ಮಾನ ಒಮ್ಮೆಯೂ ಗಂಡನ ಪಕ್ಷದತ್ತ ವಾಲಲಿಲ್ಲ.

"ನನ್ನ ವೋಟು ಹೊಡೆದು ಹಾಕೋಕೇ ಬರ್ತೀಯಲ್ಲೇ" ಎಂದು ಮೇಷ್ಟರು ಮತದಾನದ ದಿನ ಸ್ಕೂಟರ್ ಒದೆಯುತ್ತಾ ಗೊಣಗುವರು.

"ನಿಮ್ಮೊಬ್ಬರನ್ನೇ ಬಿಟ್ಟರೆ ದೇಶದ ಗತಿಯೇನ್ರೀ?" ಎನ್ನುತ್ತಾ ಆಕೆ ಹಿಂದೆ ಕೂರುವರು.

ಫಲಿತಾಂಶದ ದಿನ ಸೋತವರು ಅಂಗಡಿಯ ಅಷ್ಟೂ ಅಂಗಿಗಳಿಗೆ ಗುಂಡಿ ಹೊಲಿಯಬೇಕು. ಅದು ಆ ಮನೆಯ ಸಂವಿಧಾನ. ಯಾರು ಗೆದ್ದರೂ ರಸ್ತೆಯ ಗುಂಡಿ ಮುಚ್ಚಲಿಲ್ಲ, ಅಂಗಿಯ ಗುಂಡಿ ತಪ್ಪಲಿಲ್ಲ.

ಈ ಸಲ ಪಕ್ಷವಿಲ್ಲದೆ ಒಬ್ಬಳೇ ನಿಂತಿದ್ದ ನಿವೃತ್ತ ನರ್ಸಮ್ಮನನ್ನು ಆಕೆ ಗಂಟೆಗಟ್ಟಲೆ ವಿಚಾರಿಸಿ, "ನನ್ನ ವೋಟು ಇವಳಿಗೇ" ಎಂದು ಸಾರಿದ್ದರು. ಮತದಾನಕ್ಕೆ ಎರಡು ವಾರ ಮೊದಲು ಎದೆ ನೋವೆಂದು ಅದೇ ಸ್ಟೂಲಿನ ಮೇಲೆ ಕೂತ ಹೆಂಡತಿ ಮತ್ತೆ ಏಳಲಿಲ್ಲ.

ಎದುರಂಗಡಿಯ ಬೀಗ ರಿಪೇರಿಯವನು ಸಮಾಧಾನಕ್ಕೆಂದೇ ಅಂದ: "ಹೊಡೆದು ಹಾಕೋರು ಯಾರೂ ಇಲ್ಲ ಮೇಷ್ಟ್ರೇ. ಈ ಸಲವಾದ್ರೂ ನಿಮ್ಮ ವೋಟು ಲೆಕ್ಕಕ್ಕೆ ಬರುತ್ತೆ."

ಮೇಷ್ಟರು ಅದನ್ನು ಯೋಚಿಸಿರಲಿಲ್ಲ. ಅವತ್ತಿಂದ ಬೇರೇನೂ ಯೋಚಿಸಲಿಲ್ಲ.

ಮತಯಂತ್ರದ ಮುಂದೆ ಬೆರಳು ಅಭ್ಯಾಸಬಲದಿಂದ ಅಪ್ಪನ ಪಕ್ಷದ ಮೇಲೆ ಹೋಗಿ ನಿಂತಿತು. ಒತ್ತಿದರೆ ಆಕೆಯ ಮಾತು ಈ ಲೋಕದಲ್ಲಿ ಇಲ್ಲವೆಂದು ತಾವೇ ಸಹಿ ಹಾಕಿದಂತೆ.

"ಯಜಮಾನ್ರೇ, ಆಯ್ತಾ?" ಎಂದರು ಅಧಿಕಾರಿ.

ಮೇಷ್ಟರು ಬೆರಳನ್ನು ಕೆಳಕ್ಕೆ ಜಾರಿಸಿ ನರ್ಸಮ್ಮನ ಗುಂಡಿ ಒತ್ತಿದರು.

ಅಪ್ಪನ ಪಕ್ಷವೇ ಭರ್ಜರಿಯಾಗಿ ಗೆದ್ದಿತು. ನರ್ಸಮ್ಮನ ಠೇವಣಿಯೂ ಉಳಿಯಲಿಲ್ಲ. ಬೀಗದವನು ಕೈಕುಲುಕಲು ಓಡಿ ಬಂದರೆ, ಮೇಷ್ಟರು ಹೆಂಡತಿ ಕೊನೆಗೆ ಕೂತಿದ್ದ ಸ್ಟೂಲಿನ ಮೇಲೆ ಕೂತಿದ್ದರು, ತೊಡೆ ತುಂಬ ಅಂಗಿಗಳು.

"ಗೆದ್ದೋರು ನೀವು. ಇದೇನು ಗುಂಡಿ ಕೆಲಸ?"

"ನಮ್ಮನೆ ವೋಟು ಸೋತಿದೆ ಕಣಪ್ಪಾ." ಮೇಷ್ಟರು ಸೂಜಿ ಮುಂದೆ ಚಾಚಿದರು. "ಸ್ವಲ್ಪ ದಾರ ಪೋಣಿಸಿಕೊಡು. ಕಣ್ಣು ಕಾಣ್ತಿಲ್ಲ."

ಕನ್ನಡಕ ಮೂಗಿನ ಮೇಲೇ ಇತ್ತು.