ಸಾರ್ಜೆಂಟ್ ಟಬ್ಸ್ ಅವರ ಕೊನೆಯ ಪ್ರಶ್ನೆ

ಟೆಕ್ಸಾಸಿನ ನಮ್ಮ ದಂಡಿನ ಊರಿನಲ್ಲಿ ಸೈನ್ಯ ಬಿಟ್ಟು ಬೇರೆ ಕೆಲಸ ಹುಡುಕುವವರೆಲ್ಲ ಒಂದೇ ಅಚ್ಚಿನವರು. ಸಾರ್ಜೆಂಟ್ ವೆಂಡೆಲ್ ಟಬ್ಸ್ ಎಂದರೆ ಆ ಅಚ್ಚೇ. ಸಂದರ್ಶನಕ್ಕೆ ಕಸ ಗುಡಿಸುವವರಿಗಿಂತ ಮೊದಲೇ ಹೋಗಿ ನಿಲ್ಲುತ್ತಾರೆ. ಸಂಬಳದ ಮಾತು ಅವರಿಗೆ ಬೇಡ. ಹಲ್ಲು ನೋವಿಗೆ ಡಾಕ್ಟರ್ ಯಾರು, ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಬೂಟು ಸವೆದರೆ ಹೊಸದು ಎಲ್ಲಿ ಕೊಡುತ್ತಾರೆ, ಇಷ್ಟೇ ವಿಚಾರಣೆ. ಕೂದಲು ಹೇಗೆ ಬೇಕಾದರೂ ಬಿಡಬಹುದು ಎಂದು ಗೋದಾಮಿನವರು ಹೇಳಿದಾಗ, ಅದು ಸವಲತ್ತೋ ಶಿಕ್ಷೆಯೋ ಎಂದು ವಾರವಿಡೀ ಯೋಚಿಸಿದರು. "ಸಂತೇಲಿ ಕಲ್ಲಂಗಡಿ ತಟ್ಟಿದಂಗೆ ಎಲ್ಲಾ ಕೆಲ್ಸಾನೂ ತಟ್ತಾ ಕೂತಿದ್ಯಲ್ಲ ವೆಂಡೆಲ್, ಒಂದನ್ನಾದ್ರೂ ಮನೇಗೆ ತಗೊಂಡ್ ಬಾ" ಎನ್ನುತ್ತಾಳೆ ಹೆಂಡತಿ ಲೊರೀನ್. ಮೊನ್ನೆ ಲಾರಿ ಕಂಪನಿಯ ಮ್ಯಾನೇಜರಮ್ಮ ಸವಲತ್ತುಗಳನ್ನೆಲ್ಲ ವಿವರಿಸಿ, "ಇನ್ನೇನಾದ್ರೂ ಕೇಳೋದಿದ್ಯಾ ಸರ್?" ಎಂದರು. "ಕೆಲಸದಲ್ಲಿದ್ದಾಗ್ಲೇ ನಾನು ಸತ್ರೆ ಲೊರೀನ್‌ಗೆ ಹೇಳೋಕೆ ಯಾರು ಬರ್ತಾರೆ?" "ಫೋನ್ ಮಾಡ್ತೀವಿ ಸರ್." ಟಬ್ಸ್ ಟೋಪಿ ಎತ್ತಿಕೊಂಡು ಹೊರಟೇಬಿಟ್ಟರು. ಸೈನ್ಯದಲ್ಲಿ ಅವರ ಪಾಲಿಗೆ ಮತ್ತೆ ಮತ್ತೆ ಬೀಳುತ್ತಿದ್ದ ಕೆಲಸವೆಂದರೆ, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಪಾದ್ರಿಯನ್ನು ಜೊತೆಗೆ ಕರೆದುಕೊಂಡು, ಸುದ್ದಿ ಹೇಳಲು ಸತ್ತ ಸೈನಿಕ ಹುಡುಗರ ಮನೆಯ ಬಾಗಿಲು ತಟ್ಟುವುದು.