ಹತ್ತು ಮೀಟರಿನ ದುರ್ಬೀನು

ನಲವತ್ತು ದಾಟಿದ ಹೆಂಗಸರು ಏನು ಮಾಡಬೇಕು ಎಂಬ ಬಗ್ಗೆ ರಾಣೇಬೆನ್ನೂರಿನ ನಮ್ಮ ಓಣಿಗೆ ಖಚಿತವಾದ ಅಭಿಪ್ರಾಯವಿದೆ. ಬೆಳಿಗ್ಗೆ ವಾಕಿಂಗ್ ಹೋಗಬಹುದು, ಸಂಜೆ ಭಜನಾ ಮಂಡಳಿಗೆ ಹೋಗಬಹುದು, ನಡುವೆ ಹೊತ್ತು ಉಳಿದರೆ ಮೊಣಕಾಲು ನೋವಿನ ಬಗ್ಗೆ ಮಾತಾಡಬಹುದು. ನಾನು ರೈಫಲ್ ಹಿಡಿದೆ. ಕಾಲೇಜಿನ ಎನ್‌ಸಿಸಿಯಲ್ಲಿ ಹಿಡಿದದ್ದು ಮದುವೆಯಾದ ಮೇಲೆ ಬಿಟ್ಟುಹೋಗಿತ್ತು. ಹಾವೇರಿಯಲ್ಲಿ ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಗುರಿ ಹೊಡೆಯುವುದನ್ನು ಕಲಿಸುತ್ತಾರೆ ಎಂದು ತಿಳಿದದ್ದೇ ತಡ, ವಾರಕ್ಕೆರಡು ಸಲ ಬಸ್ಸು ಹತ್ತತೊಡಗಿದೆ. ಗಾಬರಿಯಾಗಬೇಡಿ, ಅದು ಏರ್ ರೈಫಲ್. ಕಡಲೆಗಿಂತ ಸಣ್ಣ ಸೀಸದ ಗುಂಡನ್ನು ಗಾಳಿಯ ಒತ್ತಡದಿಂದ ಹತ್ತು ಮೀಟರ್ ಆಚೆಯ ಕಾಗದಕ್ಕೆ ಹೊಡೆಯುವ ಆಟ. ಆದರೂ ಓಣಿಯವರು ನನ್ನ ಗಂಡನನ್ನು ಅನುಕಂಪದಿಂದ ನೋಡಲು ಶುರುಮಾಡಿದರು. ಅವರಿಗೆ ಬೀಜದ ಅಂಗಡಿಯಿದೆ. ಅನುಕಂಪದಿಂದ ವ್ಯಾಪಾರಕ್ಕೇನೂ ನಷ್ಟವಾಗಲಿಲ್ಲ.

ತೊಂದರೆ ಬಂದದ್ದು ನನ್ನ ಕಣ್ಣಿನಿಂದ. ಸಾದಾ ರೈಫಲ್ಲಿನಲ್ಲಿ ನಳಿಗೆಯ ಮೇಲಿರುವ ಹಿಂದಿನ ಕಚ್ಚು, ಮುಂದಿನ ಮೊಳೆ, ಆಚೆಯ ಗುರಿ ಮೂರನ್ನೂ ಒಂದೇ ಗೆರೆಯಲ್ಲಿ ತರಬೇಕು. ಚಾಳೀಸು ಬಂದ ಕಣ್ಣಿಗೆ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಕನ್ನಡಕ ಹಾಕಿದರೆ ಕಚ್ಚು ಕಾಣುತ್ತದೆ, ಗುರಿ ಮಾಯ. ತೆಗೆದರೆ ಗುರಿ ಕಾಣುತ್ತದೆ, ಕಚ್ಚು ಹೊಗೆ ಹಾಕಿದಂತೆ. ಹಾಕಿ ತೆಗೆದು ಹಾಕಿ ತೆಗೆದು ನನಗೂ ಕಿವಿಗೂ ಸಾಕಾಗಿಹೋಗಿತ್ತು.

ಹವಾಲ್ದಾರರು ಒಂದು ದಿನ ಹೇಳಿಬಿಟ್ಟರು. "ಅಕ್ಕಾರ, ನಿಮ್ಮ ಕೈ ಗಟ್ಟಿ ಐತಿ. ಕಣ್ಣಿಗೆ ಹಟ ಮಾಡಬ್ಯಾಡ್ರಿ. ಸ್ಕೋಪ್ ಹಾಕ್ಸ್ರಿ, ಈ ಸಲ ಸ್ಪರ್ಧೆಗೆ ನಿಲ್ರಿ."

ಮಾರ್ಚಿನಲ್ಲಿ ಹಾವೇರಿಯಲ್ಲೇ ಸ್ಪರ್ಧೆ ಇತ್ತು, ಸ್ಕೋಪ್ ಹಾಕಿದವರಿಗೆ ಬೇರೆ ವಿಭಾಗವೂ ಇತ್ತು. ಸ್ಕೋಪ್ ಎಂದರೆ ರೈಫಲ್ ಮೇಲೆ ಕೂರಿಸುವ ಸಣ್ಣ ದುರ್ಬೀನು. ಎಂಥದ್ದು ಬೇಕೆಂದು ಅವರು ಬಿಡಿಸಿ ಹೇಳಿದರು. ಹತ್ತು ಮೀಟರಿನಷ್ಟು ಹತ್ತಿರದ್ದು ಸ್ಪಷ್ಟವಾಗಿ ಕಾಣುವಂತೆ ಅದರ ಮುಂದಿನ ಬಳೆ ತಿರುಗಬೇಕು, ಮತ್ತೆ ಸ್ಪ್ರಿಂಗಿನಿಂದ ಗಾಳಿ ಒತ್ತುವ ನಮ್ಮ ರೈಫಲ್ಲಿನ ಒದೆತ ತಾಳಬೇಕು. ಬೇರೆ ಯಾವ ಆಡಂಬರವೂ ಬೇಡ. ಆ ಸ್ಪರ್ಧೆಗೆ ನಿಲ್ಲಲೇಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದರೆ, ಬಸ್ಸಿನಲ್ಲಿ ಬರುವಾಗ ಇಳಿಯುವ ಜಾಗ ದಾಟಿ ಮುಂದಿನ ಸ್ಟಾಪಿನಿಂದ ನಡೆದುಕೊಂಡು ಬಂದೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ಹೂಂಗುಟ್ಟಿದರು. ನಮ್ಮವರ ಹೂಂಗುಟ್ಟುವಿಕೆ ಒಪ್ಪಿಗೆಯಲ್ಲ, ತಾವಾಗಲೇ ತೀರ್ಮಾನ ಮಾಡಿಯಾಗಿದೆ ಎಂಬುದರ ಸೂಚನೆ. ಅಂಗಡಿಗೆ ರೈತ ಬಂದು ಬಾಯಿ ತೆರೆಯುವ ಮೊದಲೇ ಅವನ ಹೊಲಕ್ಕೆ ಯಾವ ಗೋವಿನಜೋಳ ಬೇಕೆಂದು ಹೇಳುವ ಮನುಷ್ಯ. ಹೆಂಡತಿಯ ಕಣ್ಣಿಗೆ ಏನು ಬೇಕೆಂದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ನಾಲ್ಕೈದು ದಿನಕ್ಕೆ ಅವರು ತರಿಸಿದ ಪಾರ್ಸೆಲ್ ಬಂತು. ತೆಗೆದು ನೋಡಿದರೆ ಒಳಗೆ ನನ್ನ ಮೊಣಕೈಯಷ್ಟು ಉದ್ದದ, ಒರಳಿಗೆ ಹಾಕಿ ಕುಟ್ಟಬಹುದಾದಂಥ ಕರಿ ಕೊಳವೆ. ಇಪ್ಪತ್ತನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುತ್ತದಂತೆ. ಮುಂದಿನ ಬಳೆ ತಿರುಗಿಸಲು ನೋಡಿದೆ. ಅದು ಬಳೆಯೇ ಅಲ್ಲ, ಬರೀ ಅಲಂಕಾರ. ಹತ್ತಿರದ್ದು ಕಾಣುವುದೇ ಎಂದು ಗಂಡನನ್ನು ಕೇಳಿದೆ.

"ಅಲ್ಲ, ಒಂದು ಮೈಲಿ ದೂರದ್ದು ಕಾಣೋ ವಸ್ತುವಿಗೆ ಹತ್ತು ಮೀಟರಿಂದು ಕಾಣಂಗಿಲ್ಲೇನು?" ಎಂದರು.

ದೂರದ್ದು ಕಂಡರೆ ಹತ್ತಿರದ್ದೂ ಕಾಣುತ್ತದೆ ಎಂಬ ಮಾತನ್ನು ಚಾಳೀಸಿನ ಕನ್ನಡಕ ಹಾಕಿಕೊಂಡ ಹೆಂಗಸಿನ ಎದುರು ಹೇಳಲು ಧೈರ್ಯ ಬೇಕು. ನಾನು ಉತ್ತರ ಕೊಡುವಷ್ಟರಲ್ಲಿ ಅತ್ತೆ ಬಂದರು. ಹೊಸ ವಸ್ತು ಮನೆಗೆ ಬಂದರೆ ಪೂಜೆಯಾಗದೆ ಬಳಸುವಂತಿಲ್ಲ. ಫ್ರಿಜ್ಜಿಗೆ, ಮಿಕ್ಸರಿಗೆ, ಗಂಡನ ಮೊಬೈಲಿಗೆ ಆದದ್ದೇ ದುರ್ಬೀನಿಗೂ ಆಯಿತು. ಹಣೆ ಯಾವುದು ಎಂದು ಅತ್ತೆ ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಮುಂದಿನ ಗಾಜೇ ಸರಿಯೆಂದು ಅದರ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ನಾನು ಆ ಗಾಜನ್ನು ಹಳೇ ಧೋತರದ ತುಂಡಿನಿಂದ ಒರೆಸುತ್ತಾ ಕೂತೆ. ಕುಂಕುಮ ಹೋಯಿತು, ಅಂಚಿನಲ್ಲಿ ಸ್ವಲ್ಪ ಕೆಂಪು ಉಳಿಯಿತು.

ಅದನ್ನು ಪರೀಕ್ಷೆ ಮಾಡುವ ಭಾಗ್ಯ ಮೊದಲು ನನಗೆ ಸಿಗಲಿಲ್ಲ. ಮರುದಿನ ಬ್ಯಾಡಗಿಯ ತವರುಮನೆಗೆ ಹೋಗುವುದಿತ್ತು, ಗಂಡ ದುರ್ಬೀನನ್ನೂ ಚೀಲಕ್ಕೆ ಹಾಕಿದರು. "ನಿಮ್ಮಪ್ಪಗ ಒಮ್ಮಿ ತೋರಿಸೂಣು" ಎಂದರು. ನಮ್ಮಪ್ಪ ಮೆಣಸಿನಕಾಯಿ ವ್ಯಾಪಾರಿ. ಒಂದು ಮುಷ್ಟಿ ಕಾಯಿ ಎತ್ತಿ, ಮುರಿದು, ಮೂಸಿ, ಬೆರಳಿಗೆ ಹತ್ತಿದ ಬಣ್ಣ ನೋಡಿ ರಾಶಿಯ ಜಾತಕವನ್ನೇ ಹೇಳುವವರು. ನನ್ನ ಕಾಲೇಜು, ನನ್ನ ವಿಷಯ, ನನ್ನ ಗಂಡ, ಎಲ್ಲವನ್ನೂ ಹಾಗೇ ಆರಿಸಿದವರು. ಮಾಲು ಕೆಟ್ಟದ್ದು ಬಂತು ಎಂದು ನಾನು ಹೇಳುವುದಿಲ್ಲ. ಆದರೆ ಮುಷ್ಟಿಗೆ ಎತ್ತಿ ನೋಡಿದವರು ಅವರು, ಊಟ ಮಾಡಿದವಳು ನಾನು.

ಅಪ್ಪ ದುರ್ಬೀನನ್ನು ಕೈಯಲ್ಲಿ ತೂಗಿದರು. ಬೆರಳಲ್ಲಿ ಬಡಿದು ಸದ್ದು ಕೇಳಿದರು. ನಂತರ, ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಮೂಸಿದರು. ಮೂಸಿ ತಲೆಯಾಡಿಸಿ, ನಮ್ಮನ್ನು ಕರೆದುಕೊಂಡು ಮಾಳಿಗೆ ಹತ್ತಿದರು. ಅಲ್ಲಿಂದ ಮಾರುಕಟ್ಟೆಯ ಬಯಲು ಕಾಣುತ್ತದೆ. ಸುಗ್ಗಿಯ ದಿನಗಳು, ಬಯಲೆಲ್ಲ ಕೆಂಪು. ಘಾಟಿಗೆ ನಮ್ಮವರು ಸೀನುತ್ತಾ ನಿಂತರು. ಅಪ್ಪ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಮುಖ ಬೆಳಗುತ್ತಾ ಹೋಯಿತು. ಆಚೆ ತುದಿಯ ರಾಶಿಯಲ್ಲಿ ಗಿಡ್ಡ ಡಬ್ಬಿ ಕಾಯಿಯ ನಡುವೆ ಉದ್ದನೆ ಕಡ್ಡಿ ಕಾಯಿ ಸೇರಿಸಿದ್ದಾರೆಂದು ಇಲ್ಲಿಂದಲೇ ಹೇಳಿದರು. ಕೆಳಗೆ ಹೋಗದೆ, ಬಿಸಿಲು ತಾಗದೆ, ಯಾರಿಗೂ ನಮಸ್ಕಾರ ಹೇಳದೆ ಮಾಲು ನೋಡಬಹುದು ಎಂಬ ಸುಖವನ್ನು ಅವರು ಅಷ್ಟು ವರ್ಷದಲ್ಲಿ ಕಂಡೇ ಇರಲಿಲ್ಲ.

"ನಂಬರ್ ಒನ್ ಮಾಲು" ಎಂದು ತೀರ್ಪು ಕೊಟ್ಟರು. ಅಳಿಯನೂ ಮಾವನೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುವುದು ಮಾತ್ರ ಬಾಕಿ. ನನ್ನ ಕೈಗೆ ಒಮ್ಮೆ ಕೊಡಿ ಎಂದು ಕೇಳಿದ್ದಕ್ಕೆ ಅಪ್ಪ, ತಡಿ ಯವ್ವಾ, ಮಾಲಿಗೆ ಟೆಂಡರ್ ಹಾಕುವ ಹೊತ್ತು, ಎಂದು ಮತ್ತೆ ಬಯಲಿನತ್ತ ತಿರುಗಿದರು.

ಮುಂದಿನ ವಾರ ಹಾವೇರಿಗೆ ಅದನ್ನು ಒಯ್ದು ರೈಫಲ್ ಮೇಲೆ ಕೂರಿಸಿದೆವು. ಹತ್ತು ಮೀಟರ್ ಆಚೆಯ ಕಾಗದ ನೋಡಿದೆ. ಕರಿ ವೃತ್ತದ ಜಾಗದಲ್ಲಿ ಗಸಗಸೆ ಪಾಯಸ. ಹವಾಲ್ದಾರರು ತಾವೂ ನೋಡಿ, ಮೀಸೆ ಸವರಿಕೊಂಡರು. ಇದು ದೂರಕ್ಕೆ ಕೂರಿಸಿಟ್ಟ ಗಾಜು, ಹತ್ತಿರಕ್ಕೆ ಬರುವುದೇ ಇಲ್ಲ ಎಂದು ವಿವರಿಸಿದರು. ಮೈದಾನದ ಆಚೆ ನೀರಿನ ಟಾಕಿಯ ಮೇಲೆ ಕೂತ ಕಾಗೆಯ ಕೊಕ್ಕು ಮಾತ್ರ ಅದರಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಸ್ಪರ್ಧೆಯಲ್ಲಿ ಕಾಗೆಗಳ ವಿಭಾಗ ಇರಲಿಲ್ಲ. ನೋಂದಣಿಗೆ ಉಳಿದದ್ದು ಇನ್ನೊಂದೇ ವಾರ. ಅವತ್ತು ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಬಂತೋ ನೆನಪಿಲ್ಲ.

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ಇನ್ನೊಂದು ಬಸ್ಸು ಹಿಡಿದು ಬ್ಯಾಡಗಿಗೆ ಹೋದೆ. ಗಂಡನ ಮೇಲಿನ ಸಿಟ್ಟನ್ನೂ ಸೇರಿಸಿ ಅಪ್ಪನ ಮುಂದೆ ಸುರಿದೆ.

"ಅಪ್ಪಾ, ನೀವೂ ನೋಡಿದ್ರಿ, ಅವರೂ ನೋಡಿದ್ರು, ಮನ್ಯಾಗಿನವರೆಲ್ಲಾ ನೋಡಿದ್ರು. ಗುರಿ ಹೊಡ್ಯಾಕಿ ನಾನು. ನನ್ನ ಕಣ್ಣಿಗೆ ಏನ್ ಕಾಣತೈತಿ ಅಂತ ಒಬ್ಬರರ ಕೇಳಿದ್ರೇನು? ಹುಟ್ಟಿದಾಗಿಂದ ಒಬ್ಬರರ ಕೇಳೀರೇನು?"

ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ದುರ್ಬೀನನ್ನು ನನ್ನ ಚೀಲದಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ಇದು ತಮಗೆ ಮಾಳಿಗೆಗೆ ಬೇಕಾಗುತ್ತದೆ ಎಂದು ಸಂಕೋಚದಿಂದ ಹೇಳಿದರು. ಆ ಸಿಟ್ಟಿನಲ್ಲೂ ನನಗೆ ನಗು ಬಂದುಬಿಟ್ಟಿತು. ಬೇರೆ ಸ್ಕೋಪ್ ಕೊಳ್ಳಲು ನಾಳೆ ಹಾವೇರಿಗೆ ತಾವೂ ಬರುವುದಾಗಿ ಹೇಳಿದರು. ಇನ್ನೂ ಒಂದು ಸಲ ಮೂಸುತ್ತಾರಲ್ಲ ಎಂದುಕೊಂಡೆ.

ಹವಾಲ್ದಾರರು ತೋರಿಸಿದ ಅಂಗಡಿ ಆಟದ ಸಾಮಾನಿನದು. ಮಾಲೀಕರು ವಯಸ್ಸಾದ ಸಾಹೇಬರು. ಉರ್ದುವಿನಲ್ಲಿ ಒಳಗಿನವರಿಗೆ ಚಹಾ ಹೇಳಿ, ಕನ್ನಡದಲ್ಲಿ ನಮ್ಮನ್ನು ಕೂರಿಸಿದರು. ಎಂಟ್ಹತ್ತು ಸ್ಕೋಪು ಬಟ್ಟೆಯ ಮೇಲೆ ಸಾಲಾಗಿಟ್ಟರು. ಅಪ್ಪನ ಕೈ ಅಭ್ಯಾಸದಂತೆ ಎಲ್ಲಕ್ಕಿಂತ ದಪ್ಪನೆಯದರ ಮೇಲೆ ಹೋಯಿತು, ತೂಗಲು ಎತ್ತಿತು, ಮೂಗಿನವರೆಗೆ ಬಂದು ನಿಂತಿತು. ಬಿಳಿ ಧೋತರ, ಟೊಪ್ಪಿಗೆ, ಗಂಭೀರ ಮುಖ ನೋಡಿ ಸಾಹೇಬರೂ ಅವರನ್ನೇ ಕೇಳಿದರು.

"ಸಾವಕಾರ್ರ, ಯಾವುದು ತೆಗೀಲಿ?"

ಅಪ್ಪ ಕೈಯಲ್ಲಿದ್ದದ್ದನ್ನು ಮೆಲ್ಲಗೆ ಕೆಳಗಿಟ್ಟರು.

"ನನಗ್ಯಾಕ ಕೇಳ್ತೀರಿ? ಆಕೀನ್ನ ಕೇಳ್ರಿ."

ಇಷ್ಟು ವರ್ಷ ಯಾರೂ ಕೇಳಲಿಲ್ಲ ಎಂದು ಕೂಗಾಡಿದ ನಾನು, ಕೇಳಿದಾಗ ಏನು ಹೇಳಬೇಕೆಂದು ತೋಚದೆ ಸಾಹೇಬರ ಮುಖ, ಅಪ್ಪನ ಮುಖ ನೋಡುತ್ತಾ ಕೂತೆ. ಅಪ್ಪ ಬಾಗಿಲ ಕಡೆ ತಿರುಗಿ ರಸ್ತೆಯ ಮೇಲಿನ ಎಮ್ಮೆಗಳನ್ನು ಲಕ್ಷ್ಯಗೊಟ್ಟು ನೋಡತೊಡಗಿದರು. ಸಹಾಯ ಮಾಡಬಾರದು ಎಂದು ಅಷ್ಟು ಕಷ್ಟಪಟ್ಟು ಕೂತ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಾಹೇಬರು ಒಳಗೋಡೆಗೆ ಹತ್ತು ಮೀಟರಿನಷ್ಟು ದೂರಕ್ಕೆ ಗುರಿಯ ಕಾಗದ ಅಂಟಿಸಿದರು. ಒಂದೊಂದಾಗಿ ನೋಡಿದೆ. ಒಂದರಲ್ಲಿ ಮಂಜು, ಇನ್ನೊಂದರಲ್ಲಿ ಕತ್ತಲು, ಮತ್ತೊಂದರಲ್ಲಿ ನನ್ನದೇ ರೆಪ್ಪೆಗೂದಲು. ಚಹಾ ಎರಡು ಸಲ ಬಂತು. ಕಡೆಗೆ, ತುದಿಯಲ್ಲಿದ್ದ ಒಂದು ಗಿಡ್ಡನೆಯ ಸ್ಕೋಪು ತೆಗೆದುಕೊಂಡೆ. ಅದರ ಮುಂದಿನ ಬಳೆ ನಿಜವಾಗಿಯೂ ತಿರುಗಿತು. ಕಣ್ಣಿನ ಬದಿಯ ಬಳೆಯನ್ನು ನನ್ನ ಚಾಳೀಸಿಗೆ ಹೊಂದಿಸಿಕೊಂಡೆ. ಕನ್ನಡಕವಿಲ್ಲದೆ, ವೃತ್ತಗಳು ಒಂದರೊಳಗೊಂದು, ನಡುವಿನ ಚುಕ್ಕೆ, ಅದರ ಮೇಲೆ ಕೂದಲಿನಂಥ ಎರಡು ಗೆರೆ, ಎಲ್ಲ ಒಟ್ಟಿಗೆ ಬಂದು ನಿಂತವು.

"ಇದು" ಎಂದೆ.

ಅಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಬಂದು, ನಾನು ಹಿಡಿದಿದ್ದ ಹಾಗೇ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಕತ್ತು ಅತ್ತ ಇತ್ತ ಹೊರಳಿಸಿದರು. ಇಷ್ಟು ಗಿಡ್ಡ, ಇಷ್ಟು ಹಗುರ, ಇನ್ನೇನು ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ಅದನ್ನು ನನ್ನ ಕೈಗೆ ವಾಪಸ್ಸು ಇಟ್ಟರು.

"ನನಗೇನೂ ಕಾಣವಲ್ದು, ಯವ್ವಾ. ನಿನಗ ಕಾಣತೈತಲ್ಲ? ಹಂಗಾರ ಇದ್ನಽ ತಗೋ."